ಗೃಹಾರೋಗ್ಯ: ಚಿಂತೆಯನ್ನು ಮೂತ್ರದಲ್ಲಿ ಅಳೆಯಬಹುದೇ?

ಹೊಳಲ್ಕೆರೆ ತಾಲ್ಲೂಕಿನ ಗ್ರಾಮವೊಂದರಲ್ಲಿ ವಾಸವಾಗಿರುವ ನಮ್ಮ ವಾಚಕ ಮಹಾಶಯರೊಬ್ಬರು ಹೋದ ತಿಂಗಳು ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಅವರ ಹೆಸರನ್ನು ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಅವರ ಸ್ಥಿತಿಯಲ್ಲಿರುವ ಗೃಹಸ್ಥರು ನಮ್ಮ ಸೀಮೆಯಲ್ಲಿ ಅನೇಕರುಂಟು. ಅವರಿಗೆ ನಾಲ್ಕು ಎಕರೆ ಅಡಕೆಯ ತೋಟವಿರುವುದು. 2023ನೆಯ ಇಸವಿಯಲ್ಲಿ ಮಳೆ ತಪ್ಪಿ, ಸರ್ಕಾರದವರು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದ ಕಾಲದಲ್ಲಿ, ಇವರ ಎರಡು ಕೊಳವೆಬಾವಿಗಳೂ ಬತ್ತಿಹೋದುವು. ಮೂರನೆಯದನ್ನು ಕೊರೆಯಿಸಲು ಸಾಲ ಮಾಡಿದರು. ಅದರಲ್ಲಿಯೂ ನೀರು ಬೀಳಲಿಲ್ಲ. ಆಮೇಲೆ ಮಳೆಗಳೇನೋ ಬಂದುವು. ಆದರೆ ಒಣಗಿದ ಮರಗಳು ಚಿಗುರಲಿಲ್ಲ, ಸಾಲವೂ ಕರಗಲಿಲ್ಲ. ಅಂದಿನಿಂದ ತಮಗೆ ರಾತ್ರಿ ನಿದ್ರೆ ಬಾರದೆಂದೂ, ಬೆಳಗ್ಗೆ ಏಳುವಾಗಲೇ ಆಯಾಸವೆಂದೂ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದೆಂದೂ ಬರೆದಿರುವರು. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಇವರ ಮಗನು, “ಮೂತ್ರವನ್ನು ಪರೀಕ್ಷೆಮಾಡಿ ಚಿಂತೆಯ ಹಾರ್ಮೋನು ಎಷ್ಟಿದೆಯೆಂದು ಹೇಳುವರು, ಅಡ್ರಿನಲ್ ಗ್ರಂಥಿ ದಣಿದಿದ್ದರೆ ಅದಕ್ಕೆ ಔಷಧವನ್ನೂ ಕೊಡುವರು, ಅಪ್ಪಾ ನೀವು ಮಾಡಿಸಿಕೊಳ್ಳಿ” ಎಂದು ಹೇಳಿರುವನಂತೆ. ಇದು ನಿಜವೇ, ಹಣ ಕೊಟ್ಟು ಮಾಡಿಸಬಹುದೇ ಎಂಬುದು ಇವರ ಪ್ರಶ್ನೆ.

ಪತ್ರದ ಕೊನೆಯಲ್ಲಿ, ಹೇಳಿದರೂ ಸರಿ ಬಿಟ್ಟರೂ ಸರಿ ಎಂಬಂತೆ, ಇನ್ನೊಂದು ಮಾತನ್ನು ಸೇರಿಸಿರುವರು. ಇವರ ಮನೆಯವರಿಗೆ ಮೂರು ವರ್ಷಗಳಿಂದ ಮಂಡಿನೋವು. ಸಂತೆಯ ದಿನ ಯಾರೋ ಒಬ್ಬರು ಕೊಡುವ ಸಣ್ಣ ಬಿಳಿಯ ಮಾತ್ರೆಯಿಂದ ಅದು ಬಹಳ ಮಟ್ಟಿಗೆ ವಾಸಿಯಾಗಿರುವುದು. “ಮುಖವೂ ಮೈಯೂ ತುಂಬಿಕೊಂಡು ಲಕ್ಷಣವಾಗಿ ಕಾಣುತ್ತಾಳೆ, ಆದರೆ ಈಚೆಗೆ ಕುಳಿತರೆ ಏಳಲಾರಳು, ಮೈ ಸ್ವಲ್ಪ ತಗುಲಿದರೆ ಕಪ್ಪು ಕಟ್ಟುತ್ತದೆ, ಸಕ್ಕರೆ ಕಾಯಿಲೆಯೂ ಬಂದಿದೆ ಎಂದರು. ಖರ್ಚು ಹೆಚ್ಚಾದುದರಿಂದ ಮುಂದಿನ ತಿಂಗಳಿಂದ ಆ ಮಾತ್ರೆಯನ್ನು ನಿಲ್ಲಿಸಿಬಿಡಬೇಕೆಂದಿದ್ದೇವೆ” ಎಂದು ಬರೆದಿರುವರು.

ಈ ಕೊನೆಯ ನಾಲ್ಕು ಪಂಕ್ತಿಗಳನ್ನು ಓದಿದ ದಿನವೇ ನಾವು ಅವರಿಗೆ ಪ್ರತ್ಯೇಕವಾಗಿ ಉತ್ತರವನ್ನು ಕಳುಹಿಸಿದೆವು. ಮಾಸಿಕವು ಅಚ್ಚಾಗುವವರೆಗೆ ಕಾಯತಕ್ಕ ವಿಷಯವು ಅದಾಗಿರಲಿಲ್ಲ. ಕಾರಣವೇನೆಂಬುದು ಈ ಲೇಖನವನ್ನು ಕೊನೆಯವರೆಗೆ ಓದಿದವರಿಗೆ ತಿಳಿದುಬರುವುದು. ಮೊದಲು ಅವರು ಕೇಳಿದ ಪ್ರಶ್ನೆಯನ್ನು ವಿಚಾರಿಸೋಣ.

ಗ್ರಂಥಿಗಳ ಕೆಲಸ

ನಮ್ಮ ಬೆನ್ನಿನ ಎರಡು ಪಕ್ಕಗಳಲ್ಲಿರುವ ಮೂತ್ರಪಿಂಡಗಳ ತಲೆಯ ಮೇಲೆ ಸಣ್ಣ ಟೊಪ್ಪಿಗೆಯನ್ನಿಟ್ಟಂತೆ ಒಂದೊಂದು ಗ್ರಂಥಿಯಿರುವುದು. ಇವಕ್ಕೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಒಂದೊಂದರ ತೂಕವು ನಾಲ್ಕೈದು ಗ್ರಾಮುಗಳಷ್ಟು ಮಾತ್ರ; ಆದರೆ ಇವೆರಡೂ ಇಲ್ಲದೆ, ಔಷಧದ ಸಹಾಯವೂ ಇಲ್ಲದೆ, ಮನುಷ್ಯನು ಬದುಕಲಾರನು. ಗ್ರಂಥಿಯ ಒಳತಿರುಳು ಅಡ್ರಿನಲಿನ್ ಎಂಬ ರಸವನ್ನೂ, ಹೊರಪದರವು ಕಾರ್ಟಿಸಾಲ್ ಮೊದಲಾದ ರಸಗಳನ್ನೂ ರಕ್ತಕ್ಕೆ ಬಿಡುವುವು. ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟಿರಾನ್ ಎಂಬುದೂ ಈ ಹೊರಪದರದಲ್ಲಿಯೇ ಹುಟ್ಟುವುದು.

ಇವುಗಳ ಕೆಲಸವನ್ನು ನಮ್ಮ ದುರ್ಗದ ಕೋಟೆಯ ದೃಷ್ಟಾಂತದಿಂದ ತಿಳಿಯುವುದು ಸುಲಭ. ಒನಕೆ ಓಬವ್ವನ ಕಥೆಯನ್ನು ಅರಿಯದ ಮಕ್ಕಳು ಈ ಜಿಲ್ಲೆಯಲ್ಲಿಲ್ಲ. ಹೈದರಾಲಿಯ ಸೈನ್ಯವು ಕೋಟೆಯನ್ನು ಮುತ್ತಿದ್ದಾಗ, ಕಾವಲಿನ ಗಂಡನು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ನೀರಿಗೆ ಹೋದ ಆ ತಾಯಿಯು ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವ ಸದ್ದನ್ನು ಕೇಳಿ, ಕೈಗೆ ಸಿಕ್ಕ ಒನಕೆಯಿಂದಲೇ ಅವರನ್ನು ಬಡಿದಳೆಂದು ಹೇಳುವರು. ಅಂತಹ ಕ್ಷಣದಲ್ಲಿ ಎದೆ ಬಡಿದುಕೊಳ್ಳುವುದು, ಉಸಿರು ಬಿರುಸಾಗುವುದು, ತೋಳಿಗೆ ಇಲ್ಲದ ಬಲ ಬರುವುದು. ಇದು ಅಡ್ರಿನಲಿನ್ನಿನ ಕೆಲಸ. ಕ್ಷಣದಲ್ಲಿ ಬಂದು ಕೆಲವು ನಿಮಿಷಗಳಲ್ಲಿ ಇಳಿಯತಕ್ಕದ್ದು. ಆದರೆ ಮುತ್ತಿಗೆಯು ಒಂದು ಕ್ಷಣದ ವಿಷಯವಲ್ಲ. ತಿಂಗಳುಗಟ್ಟಲೆ ನಡೆಯುವ ಮುತ್ತಿಗೆಯಲ್ಲಿ ಕಣಜವನ್ನು ತೆರೆದು ಧಾನ್ಯವನ್ನು ಹಂಚುವವನೂ, ಎಣ್ಣೆಯ ಕೊಳ ತುಪ್ಪದ ಕೊಳಗಳ ಲೆಕ್ಕವನ್ನು ಇಡುವವನೂ, ಒಳಗಿನ ಜನರು ತಮ್ಮತಮ್ಮಲ್ಲಿಯೇ ಜಗಳವಾಡದಂತೆ ನೋಡಿಕೊಳ್ಳುವವನೂ ಬೇಕಷ್ಟೆ. ಆ ಉಗ್ರಾಣಾಧಿಕಾರಿಯ ಕೆಲಸವೇ ಕಾರ್ಟಿಸಾಲಿನದು. ಅದು ರಕ್ತದಲ್ಲಿ ಸಕ್ಕರೆಯನ್ನು ಒದಗಿಸುವುದು, ರಕ್ತದ ಒತ್ತಡವು ಕುಸಿಯದಂತೆ ಕಾಯುವುದು, ಮೈಯೊಳಗಿನ ಉರಿಬಾವುಗಳನ್ನು ಹದ್ದುಬಸ್ತಿನಲ್ಲಿಡುವುದು.

ಈ ಅಧಿಕಾರಿಯೂ ಸ್ವತಂತ್ರನಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಎಂಬ ಕಡಲೆಗಾತ್ರದ ಗ್ರಂಥಿಯು ಅಪ್ಪಣೆ ಕಳುಹಿಸಿದರೆ ಮಾತ್ರ ಅಡ್ರಿನಲ್ ಗ್ರಂಥಿಯು ಕಾರ್ಟಿಸಾಲನ್ನು ಬಿಡುವುದು. ರಕ್ತದಲ್ಲಿ ಅದು ಸಾಕಾದಷ್ಟಿರುವುದನ್ನು ಕಂಡರೆ ಅಪ್ಪಣೆಯು ನಿಲ್ಲುವುದು. ಇದಲ್ಲದೆ ಇದಕ್ಕೆ ಹೊತ್ತಿನ ಕ್ರಮವೂ ಉಂಟು. ಬೆಳಗಿನ ಜಾವ ಏಳುವ ವೇಳೆಗೆ ಇದು ಅತ್ಯಂತ ಹೆಚ್ಚಾಗಿದ್ದು, ಹಗಲು ಕಳೆದಂತೆ ಇಳಿದು, ನಡುರಾತ್ರಿಯ ಹೊತ್ತಿಗೆ ಅತ್ಯಂತ ಕಡಿಮೆಯಾಗುವುದು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲವೂ ಇವುಗಳ ಮೇಲೆಯೇ ನಿಂತಿರುವುದು.

ಮೂತ್ರದಿಂದ ಏನು ತಿಳಿಯುವುದು?

ಮೂತ್ರವನ್ನು ನೋಡಿ ರೋಗವನ್ನು ಹೇಳುವುದು ನಮ್ಮ ದೇಶಕ್ಕೆ ಹೊಸದಲ್ಲ. ಸಿಹಿಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಕಂಡಿದ್ದರು. ಕಾರ್ಟಿಸಾಲಿನ ಪರೀಕ್ಷೆಯೂ ಅದೇ ಜಾತಿಯದು. ಇರುವೆಯ ಬದಲು ಯಂತ್ರವಿರುವುದು, ಅಷ್ಟೆ. ರಕ್ತದಲ್ಲಿರುವ ಕಾರ್ಟಿಸಾಲಿನ ಬಹುಭಾಗವು ಒಂದು ಬಗೆಯ ಸಸಾರಜನಕಕ್ಕೆ ಅಂಟಿಕೊಂಡಿರುವುದು. ಅಂಟದೆ ಬಿಡಿಯಾಗಿರುವ ಸ್ವಲ್ಪ ಭಾಗವೇ ಕೆಲಸ ಮಾಡತಕ್ಕದ್ದು. ಅದರಲ್ಲಿಯೂ ಒಂದು ಸಣ್ಣ ಅಂಶವು ಮೂತ್ರಪಿಂಡದಲ್ಲಿ ಸೋಸಿ ಹೊರಬರುವುದು. ಹೊತ್ತುಹೊತ್ತಿಗೆ ಏರಿಳಿಯುವ ವಸ್ತುವಾದುದರಿಂದ ಒಂದು ವೇಳೆಯ ಮೂತ್ರವನ್ನು ನೋಡಿ ಹೆಚ್ಚು ಕಡಿಮೆಯನ್ನು ನಿರ್ಣಯಿಸುವುದು, ಬೆಳಗಿನ ವ್ಯಾಪಾರವನ್ನು ಮಾತ್ರ ನೋಡಿ ಅಂಗಡಿಯ ವರ್ಷದ ಲಾಭವನ್ನು ಹೇಳಿದಂತೆ. ಆದುದರಿಂದ ವೈದ್ಯರು 24 ಗಂಟೆಗಳ ಮೂತ್ರವನ್ನೆಲ್ಲ ಒಟ್ಟುಗೂಡಿಸಿ, ಇಡೀ ದಿನದ ಲೆಕ್ಕವನ್ನು ತೆಗೆಯುವರು.

ಈ ಪರೀಕ್ಷೆಯು ಮುಖ್ಯವಾಗಿ ಒಂದು ರೋಗಕ್ಕಾಗಿ ಏರ್ಪಟ್ಟುದು. ಅಮೆರಿಕದ ಪ್ರಸಿದ್ಧ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ ಎಂಬವರು 1912ರಲ್ಲಿ ಒಬ್ಬ ತರುಣಿಯಲ್ಲಿ ಇದನ್ನು ಕಂಡು ವರ್ಣಿಸಿ, 1932ರಲ್ಲಿ ವಿಸ್ತಾರವಾಗಿ ಬರೆದರು. ಕಾರ್ಟಿಸಾಲು ಬಹುಕಾಲ ಮಿತಿಮೀರಿ ಇದ್ದರೆ ಮುಖವು ಹುಣ್ಣಿಮೆಯ ಚಂದ್ರನಂತೆ ದುಂಡಗಾಗುವುದು. ಹೊಟ್ಟೆ ಬೆಳೆದು, ಕೈಕಾಲುಗಳು ಸಣ್ಣಗಾಗುವುವು. ಕತ್ತಿನ ಹಿಂದೆ ಕೊಬ್ಬು ಗುಡ್ಡೆಕಟ್ಟುವುದು. ಹೊಟ್ಟೆಯ ಮೇಲೆ ಬೆರಳಗಲದ ನೇರಿಳೆ ಬಣ್ಣದ ಗೆರೆಗಳು ಮೂಡುವುವು. ಚರ್ಮವು ತೆಳುವಾಗಿ ಸ್ವಲ್ಪ ತಾಕಿದರೂ ಕಪ್ಪು ಕಟ್ಟುವುದು. ತೊಡೆಯ ಬಲವು ಉಡುಗಿ, ಕುಳಿತವರು ಕೈಯೂರದೆ ಏಳಲಾರರು. ಸಕ್ಕರೆಯೂ ರಕ್ತದ ಒತ್ತಡವೂ ಏರುವುವು, ಎಲುಬು ಸವೆಯುವುದು. ಮಕ್ಕಳಲ್ಲಾದರೆ ಮೈ ದಪ್ಪವಾಗುತ್ತ ಎತ್ತರವು ನಿಂತುಹೋಗುವುದು. ಇಂತಹ ಚಿಹ್ನೆಗಳಿದ್ದರೆ 24 ಗಂಟೆಯ ಮೂತ್ರವನ್ನು ಎರಡು ಸಲವಾದರೂ ನೋಡುವರು; ಇಲ್ಲವೇ ನಡುರಾತ್ರಿಯ ಜೊಲ್ಲನ್ನು ಪರೀಕ್ಷಿಸುವರು; ಇಲ್ಲವೇ ರಾತ್ರಿ 11 ಗಂಟೆಗೆ ಡೆಕ್ಸಾಮೆಥಸೋನ್ ಎಂಬ ಮಾತ್ರೆಯನ್ನು 1 ಮಿಲಿಗ್ರಾಮು ಕೊಟ್ಟು, ಬೆಳಗ್ಗೆ 8 ಗಂಟೆಗೆ ರಕ್ತವನ್ನು ನೋಡುವರು. ಆರೋಗ್ಯವಂತರಲ್ಲಿ ಆ ಮಾತ್ರೆಯಿಂದ ಗ್ರಂಥಿಯು ಸುಮ್ಮನಾಗಿರುವುದು, ರೋಗವಿದ್ದರೆ ಸುಮ್ಮನಾಗದು.

ಮೂತ್ರದ ಇನ್ನೊಂದು ಪರೀಕ್ಷೆಯು ಅಡ್ರಿನಲಿನ್ನಿಗೆ ಸಂಬಂಧಪಟ್ಟುದು. ಒಳತಿರುಳಿನಲ್ಲಿ ಗೆಡ್ಡೆ ಬೆಳೆದರೆ, ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಎದೆ ಬಡಿದುಕೊಳ್ಳುವುದು, ಬೆವರು ಕಿತ್ತುಬರುವುದು, ರಕ್ತದ ಒತ್ತಡವು ಹಾರುವುದು. ಇದು ಅಪರೂಪವಾದರೂ, ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ವಾಸಿಯಾಗತಕ್ಕದ್ದು. ಅಡ್ರಿನಲಿನ್ನು ಒಡೆದು ಉಂಟಾಗುವ ಮೆಟನೆಫ್ರಿನ್ ಎಂಬ ವಸ್ತುಗಳನ್ನು ಇದಕ್ಕಾಗಿ ಮೂತ್ರದಲ್ಲಿ ಅಳೆಯುವರು.

ಗ್ರಂಥಿಯು ಸೊರಗಿದುದನ್ನು ಕಂಡುಹಿಡಿಯುವುದಕ್ಕೆ ಮಾತ್ರ ಮೂತ್ರವು ತಕ್ಕ ಸಾಕ್ಷಿಯಲ್ಲ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಎಂಬ ವೈದ್ಯರು ಈ ಗ್ರಂಥಿಗಳು ನಾಶವಾದವರ ಸ್ಥಿತಿಯನ್ನು ವರ್ಣಿಸಿದರು. ಅವರು ನೋಡಿದ ರೋಗಿಗಳ ಪೈಕಿ ಹಲವರಲ್ಲಿ ಕ್ಷಯರೋಗವೇ ಗ್ರಂಥಿಯನ್ನು ತಿಂದಿತ್ತು. ನಮ್ಮ ದೇಶದಲ್ಲಿ ಇಂದಿಗೂ ಕ್ಷಯವು ಇದಕ್ಕೆ ಒಂದು ಮುಖ್ಯ ಕಾರಣವಾಗಿರುವುದು. ಮೈ ಇಳಿದುಹೋಗುವುದು, ಎದ್ದು ನಿಂತರೆ ಕಣ್ಣು ಕತ್ತಲೆಯಿಡುವುದು, ಉಪ್ಪಿನ ಮೇಲೆ ವಿಪರೀತ ಆಸೆ, ಅಂಗೈಯ ಗೆರೆಗಳೂ ಬೆರಳ ಗೆಣ್ಣುಗಳೂ ವಸಡುಗಳೂ ಕಪ್ಪಾಗುವುದು ಇದರ ಚಿಹ್ನೆಗಳು. ಇವು ಕಂಡರೆ ಬೆಳಗ್ಗೆ 8 ಗಂಟೆಯ ರಕ್ತವನ್ನೂ, ಬೇಕಾದರೆ ಚುಚ್ಚುಮದ್ದು ಕೊಟ್ಟು ಗ್ರಂಥಿಯನ್ನು ಎಬ್ಬಿಸಿ ಮತ್ತೊಮ್ಮೆ ರಕ್ತವನ್ನೂ ನೋಡತಕ್ಕದ್ದು.

ಗ್ರಂಥಿಯು ಚಿಂತೆಯಿಂದ ದಣಿಯುವುದೇ?

ಚಿಂತೆಗೂ ಚಿತೆಗೂ ಒಂದು ಸೊನ್ನೆಯ ಅಂತರವೆಂದು ಹಿರಿಯರು ಹೇಳುವರು. ಚಿಂತೆಯು ದೇಹಕ್ಕೆ ಬಾಧಕವೆಂಬುದರಲ್ಲಿ ಸಂದೇಹವಿಲ್ಲ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು, ಚಳಿ, ಗಾಯ, ವಿಷ ಮೊದಲಾದ ನಾನಾ ವಿಧದ ಪೀಡೆಗಳಿಗೆ ಗುರಿಯಾದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿಯು ಉಬ್ಬುವುದೆಂದು ತೋರಿಸಿದರು. ಗಮನಿಸಿರಿ: ಉಬ್ಬಿತೇ ಹೊರತು ಬತ್ತಲಿಲ್ಲ. ಇಲ್ಲಿ ನಾವು ಮೇಲೆ ಕೊಟ್ಟ ಕೋಟೆಯ ದೃಷ್ಟಾಂತವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಮುತ್ತಿಗೆ ಬೆಳೆದಂತೆ ಕಣಜವು ಬರಿದಾಗುವುದು. ಆದರೆ ಗ್ರಂಥಿಯು ಕಣಜವಲ್ಲ, ಒರತೆ. ಅಪ್ಪಣೆ ಬಂದಷ್ಟು ಕಾಲವೂ ಅದು ಸುರಿಸುವುದು. ಕಠಿನವಾದ ರೋಗದಲ್ಲಿ ಮಲಗಿರುವವರ ಕಾರ್ಟಿಸಾಲು ಸಾಮಾನ್ಯವಾಗಿ ಏರಿರುವುದೇ ವಿನಾ ಇಳಿದಿರುವುದಿಲ್ಲ.

ಚಿಂತೆಯಿಂದ ಅಡ್ರಿನಲ್ ಗ್ರಂಥಿ ದಣಿಯುವುದೆಂಬ ಮಾತನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಜೇಮ್ಸ್ ವಿಲ್ಸನ್ ಎಂಬವರು, ಅದು 1998ರಲ್ಲಿ. ಆ ಮಾತು ಕಿವಿಗೆ ಹಿತವಾದುದರಿಂದ ಬೇಗ ಹರಡಿತು. ದಣಿದವರಿಗೆ ತಮ್ಮ ದಣಿವಿಗೆ ಒಂದು ಹೆಸರು ಸಿಕ್ಕಿದರೆ ಸಮಾಧಾನವಷ್ಟೆ. ಆದರೆ 2016ರಲ್ಲಿ ಬ್ರೆಜಿಲ್ ದೇಶದ ಇಬ್ಬರು ವೈದ್ಯರು ಈ ವಿಷಯದ 58 ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸಿ, ಅಂತಹ ರೋಗವೊಂದಿದೆಯೆಂಬುದಕ್ಕೆ ಆಧಾರವಿಲ್ಲವೆಂದು ನಿರ್ಣಯಿಸಿದರು. ಗ್ರಂಥಿವೈದ್ಯರ ಸಂಘಗಳ ಅಭಿಪ್ರಾಯವೂ ಅದೇ. ಒಣಗಿಸಿದ ಮೂತ್ರದ ಕಾಗದವನ್ನು ಅಂಚೆಯಲ್ಲಿ ತರಿಸಿಕೊಂಡು, ಬಣ್ಣಬಣ್ಣದ ರೇಖೆಗಳುಳ್ಳ ವರದಿಯನ್ನು ಕಳುಹಿಸಿ, ಅದರ ಹಿಂದೆಯೇ ಸೀಸೆಗಳನ್ನೂ ಮಾರುವವರುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕೆಲವು ಸೀಸೆಗಳಲ್ಲಿ ಪ್ರಾಣಿಗಳ ಗ್ರಂಥಿಯ ಪುಡಿಯೂ ಇರಬಹುದು. ಅದು ನಿರಪಾಯವೆಂದು ಹೇಳಲಾಗದು.

ಇದಕ್ಕೆ ಪ್ರತಿಯಾಗಿ, ಸಂಖ್ಯೆಯು ಹೆಚ್ಚಿದ್ದರೂ ಅದು ಚಿಂತೆಯ ಅಳತೆಯಾಗಲಾರದು. ಖಿನ್ನತೆ, ಮದ್ಯಪಾನ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಸ್ಥೂಲಕಾಯ, ಗರ್ಭಧಾರಣೆ ಇವೆಲ್ಲವುಗಳಲ್ಲಿ ಕಾರ್ಟಿಸಾಲು ಏರಬಹುದು. ಮಗಳ ಮದುವೆಯ ಸಾಲದಿಂದ ನೊಂದವನದೂ, ಯಾವ ಸಾಲವೂ ಇಲ್ಲದವನದೂ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಯಾವ ಪಂಡಿತನೂ ಹೇಳಲಾರನು. 2013ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು, ಖಿನ್ನತೆಯಿಂದ ನರಳುವವರು ಯೋಗಾಭ್ಯಾಸವನ್ನು ಮಾಡಿದಾಗ ರಕ್ತದ ಕಾರ್ಟಿಸಾಲು ಇಳಿಯುವುದನ್ನು ಕಂಡು ಪ್ರಕಟಿಸಿದರು. ಆದರೆ ಅದು ಹಲವರನ್ನು ಒಟ್ಟಿಗೆ ನೋಡಿ ತಿಳಿದ ಮಾತು. ಒಬ್ಬೊಬ್ಬರ ದುಃಖವನ್ನು ತೂಗುವ ತಕ್ಕಡಿಯಲ್ಲ.

ಬಾಡಿಗೆಯ ಕಾವಲುಗಾರರು

ಇನ್ನು ಪತ್ರದ ಕೊನೆಯ ನಾಲ್ಕು ಪಂಕ್ತಿಗಳಿಗೆ ಬರೋಣ. ಆ ಗೃಹಿಣಿಯ ಲಕ್ಷಣಗಳನ್ನು ವಾಚಕರು ಮತ್ತೊಮ್ಮೆ ಓದಿ, ಕುಷಿಂಗರು ವರ್ಣಿಸಿದ ಲಕ್ಷಣಗಳೊಡನೆ ಹೋಲಿಸಿ ನೋಡಲಿ. ದುಂಡನೆಯ ಮುಖ, ಕಪ್ಪುಕಟ್ಟುವ ಚರ್ಮ, ಏಳಲಾರದ ತೊಡೆ, ಹೊಸದಾಗಿ ಬಂದ ಸಕ್ಕರೆ. ಈ ರೋಗಕ್ಕೆ ಗೆಡ್ಡೆಗಳು ಕಾರಣವಾಗುವುದು ಅಪರೂಪ. ಹೊರಗಿನಿಂದ ನುಂಗುವ ಸ್ಟಿರಾಯ್ಡ್ ಮಾತ್ರೆಯೇ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ.

ಈ ಔಷಧವು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ, ಕೀಲುವಾಯುವಿನಿಂದ ಚಲಿಸಲಾರದೆ ಇದ್ದ 29 ವರ್ಷದ ಹೆಂಗಸೊಬ್ಬಳಿಗೆ ಫಿಲಿಪ್ ಹೆಂಚ್ ಎಂಬ ವೈದ್ಯರು ಕಾರ್ಟಿಸೋನನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಪೇಟೆಗೆ ಹೋಗಿಬಂದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಎಂಬ ಮೂವರಿಗೆ ಇದಕ್ಕಾಗಿ ನೊಬೆಲ್ ಬಹುಮಾನವು ಬಂದಿತು. ಉಬ್ಬಸ, ಕೀಲುವಾಯು ಮೊದಲಾದ ಅನೇಕ ರೋಗಗಳಲ್ಲಿ ಇಂದಿಗೂ ಇದು ಪ್ರಾಣರಕ್ಷಕವೇ. ಆದರೆ ಅತಿಯಾದರೆ ಅಮೃತವೂ ವಿಷ. ಈ ಮಾತ್ರೆಯು ಯಾವ ನೋವನ್ನಾದರೂ ಬೇಗ ಅಡಗಿಸುವುದರಿಂದ, ಹೆಸರಿಲ್ಲದ ಪೊಟ್ಟಣಗಳಲ್ಲಿಯೂ, ಗಿಡಮೂಲಿಕೆಯೆಂದು ಹೇಳಿ ಮಾರುವ ಪುಡಿಗಳಲ್ಲಿಯೂ ಇದನ್ನು ಸೇರಿಸುವವರುಂಟು. ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಮುಲಾಮುಗಳಲ್ಲಿಯೂ ಇದಿರುವುದು. ವೈದ್ಯರ ಚೀಟಿಯಿಲ್ಲದೆ ಇಂತಹ 14 ಮುಲಾಮುಗಳನ್ನು ಮಾರಕೂಡದೆಂದು ಭಾರತ ಸರ್ಕಾರದವರು 2018ರಲ್ಲಿ ಕಟ್ಟಳೆ ಮಾಡಿದರು.

ಇದರಲ್ಲಿ ಅಪಾಯವೇನೆಂದರೆ: ಕೋಟೆಗೆ ಬಾಡಿಗೆಯ ಕಾವಲುಗಾರರು ದಂಡಿಯಾಗಿ ಬಂದರೆ ಕೋಟೆಯ ಸ್ವಂತ ಕಾವಲುಗಾರರು ಮಲಗಿಬಿಡುವರು. ಮಾತ್ರೆಯು ರಕ್ತದಲ್ಲಿರುವ ತನಕ ಪಿಟ್ಯುಟರಿಯು ಅಪ್ಪಣೆ ಕಳುಹಿಸದು. ಅಪ್ಪಣೆಯಿಲ್ಲದೆ ಅಡ್ರಿನಲ್ ಗ್ರಂಥಿಯು ಕ್ರಮೇಣ ಸಣ್ಣಗಾಗುವುದು. ಇಂತಹವರ ಮೂತ್ರವನ್ನು ಪರೀಕ್ಷಿಸಿದರೆ ಕಾರ್ಟಿಸಾಲು ಬಹಳ ಕಡಿಮೆಯೆಂದೇ ವರದಿ ಬರಬಹುದು. ಮುಖವನ್ನು ನೋಡಿದರೆ ಹೆಚ್ಚಾದವರ ಮುಖ, ಕಾಗದವನ್ನು ನೋಡಿದರೆ ಕಡಿಮೆಯಾದವರ ಕಾಗದ! ಮಾತ್ರೆಯ ವಿಷಯವನ್ನು ಅರಿಯದವರು “ಗ್ರಂಥಿ ದಣಿದಿದೆ” ಎಂದು ಓದುವುದೂ ಇದನ್ನೇ. ಬಾಡಿಗೆಯ ಕಾವಲುಗಾರರನ್ನು ಒಂದೇ ರಾತ್ರಿಯಲ್ಲಿ ಕಳುಹಿಸಿಬಿಟ್ಟರೆ ಕೋಟೆಯ ಗತಿಯೇನು?

ಇದನ್ನು ನಾವು ನಮ್ಮ ಮನೆತನದಲ್ಲಿಯೇ ಕಂಡೆವು. ಹಿರಿಯೂರಿನಲ್ಲಿದ್ದ ನಮ್ಮ ಚಿಕ್ಕಮ್ಮನವರು ಉಬ್ಬಸಕ್ಕೆಂದು ಯಾರೋ ಕೊಟ್ಟ ಮಾತ್ರೆಯನ್ನು ನಾಲ್ಕು ವರ್ಷ ತೆಗೆದುಕೊಂಡಿದ್ದರು. ಮಗಳ ಬಾಣಂತನಕ್ಕೆಂದು ಹೊಸದುರ್ಗಕ್ಕೆ ಹೊರಟಾಗ ಮಾತ್ರೆಯ ಡಬ್ಬಿಯನ್ನು ಗೂಡಿನಲ್ಲಿಯೇ ಮರೆತರು. ಉಬ್ಬಸವೇನೂ ಬರಲಿಲ್ಲವಾದುದರಿಂದ, “ಇನ್ನೇಕೆ ಅದು, ದೇವರು ಬಿಡಿಸಿದ” ಎಂದು ಸಂತೋಷಪಟ್ಟರು. ಐದನೆಯ ದಿನ ಸಾಮಾನ್ಯವಾದ ಒಂದು ಜ್ವರ ಬಂದಿತು. ಆರನೆಯ ದಿನ ವಾಂತಿ. ಏಳನೆಯ ದಿನ ಬೆಳಗ್ಗೆ ಬಚ್ಚಲಮನೆಯಲ್ಲಿ ಬಿದ್ದು, ಕರೆದರೆ ಓಗೊಡಲಿಲ್ಲ. ಕೈಕಾಲು ತಣ್ಣಗೆ, ನಾಡಿ ಸಿಕ್ಕದು. ಆಸ್ಪತ್ರೆಗೆ ಒಯ್ದಾಗ, ವಯಸ್ಸಿನಲ್ಲಿ ಚಿಕ್ಕವರಾದ ವೈದ್ಯರೊಬ್ಬರು ಆಕೆಯ ದುಂಡನೆಯ ಮುಖವನ್ನೂ ತೋಳಿನ ಕಲೆಗಳನ್ನೂ ನೋಡಿ, “ಇವರು ಏನಾದರೂ ಮಾತ್ರೆ ತೆಗೆದುಕೊಂಡು ನಿಲ್ಲಿಸಿದ್ದಾರೆಯೇ?” ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ತಿಳಿಯದು. ಬಾಣಂತಿಯಾಗಿದ್ದ ಮಗಳೇ ದೂರವಾಣಿಯಲ್ಲಿ, “ಅಮ್ಮ ದಿನಾ ಒಂದು ಬಿಳೀ ಮಾತ್ರೆ ನುಂಗುತ್ತಿದ್ದಳು” ಎಂದಳು. ರಕ್ತನಾಳಕ್ಕೆ ಉಪ್ಪುನೀರನ್ನೂ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದನ್ನೂ ಕೊಟ್ಟರು. ಸಂಜೆಯ ವೇಳೆಗೆ ಚಿಕ್ಕಮ್ಮನವರು ಕಣ್ಣು ತೆರೆದು, ಮಗುವಿಗೆ ಎಣ್ಣೆ ಹಚ್ಚಿದಿರಾ ಎಂದು ಕೇಳಿದರು. ಆ ಒಂದು ಪ್ರಶ್ನೆಯನ್ನು ವೈದ್ಯರು ಕೇಳದೆಯಿದ್ದಿದ್ದರೆ, ಆ ಒಂದು ಉತ್ತರವು ಸಿಕ್ಕದೆಯಿದ್ದಿದ್ದರೆ, ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ನಡುಗುವುದು.

ಆದುದರಿಂದ, ಇಂತಹ ಮಾತ್ರೆಯನ್ನು ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರು ಯಾವ ಕಾರಣದಿಂದಲೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಕೂಡದು. ಮಾತ್ರೆಯನ್ನೂ ಅದರ ಹೊದಿಕೆಯನ್ನೂ ಕೈಯಲ್ಲಿ ಹಿಡಿದು ವೈದ್ಯರಲ್ಲಿಗೆ ಹೋಗಬೇಕು. ಅವರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬರುವರು. ಮಲಗಿದ ಗ್ರಂಥಿಯು ಏಳಲು ಹಲವು ತಿಂಗಳುಗಳೇ ಹಿಡಿಯಬಹುದು. ಆ ಅವಧಿಯಲ್ಲಿ ಜ್ವರವಾಗಲಿ, ವಾಂತಿಭೇದಿಯಾಗಲಿ, ಶಸ್ತ್ರಚಿಕಿತ್ಸೆಯಾಗಲಿ ಬಂದರೆ ವೈದ್ಯರಿಗೆ ಈ ವಿಷಯವನ್ನು ಮೊದಲು ತಿಳಿಸಬೇಕು. ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಯೋ ಕೈಚೀಲದಲ್ಲಿಯೋ ಇಟ್ಟುಕೊಂಡಿರುವುದು ಉತ್ತಮ.

ವೈದ್ಯರು ಮೂತ್ರವನ್ನು ಕೇಳಿದರೆ

ನಿಜವಾದ ಕಾರಣವಿದ್ದು ವೈದ್ಯರೇ 24 ಗಂಟೆಯ ಮೂತ್ರವನ್ನು ಕೇಳಿದಾಗ, ಅದನ್ನು ಕೂಡಿಸುವ ಕೆಲಸವು ಮನೆಯಲ್ಲಿಯೇ ನಡೆಯಬೇಕಾದುದರಿಂದ, ಕ್ರಮವನ್ನು ಕೆಳಗೆ ಕೊಟ್ಟಿರುವೆವು.

1. ಪ್ರಯೋಗಶಾಲೆಯವರು ಕೊಡುವ ದೊಡ್ಡ ಡಬ್ಬಿಯನ್ನೇ ಉಪಯೋಗಿಸಬೇಕು. ಕೆಲವು ಪರೀಕ್ಷೆಗಳಿಗೆ ಅದರೊಳಗೆ ಆಮ್ಲವನ್ನು ಹಾಕಿರುವರು. ಅದನ್ನು ಚೆಲ್ಲಬಾರದು, ಮೈಗೆ ತಾಗಿಸಿಕೊಳ್ಳಬಾರದು, ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

2. ಮೊದಲನೆಯ ದಿನ ಬೆಳಗ್ಗೆ ಎದ್ದಾಗಿನ ಮೂತ್ರವನ್ನು ಹೊರಗೆ ಬಿಟ್ಟು, ಗಂಟೆಯನ್ನು ಬರೆದಿಡಬೇಕು. ಆಮೇಲಿನದೆಲ್ಲವನ್ನೂ, ರಾತ್ರಿಯದನ್ನೂ ಸೇರಿಸಿ, ಡಬ್ಬಿಗೆ ಹಾಕಬೇಕು. ಮಾರನೆಯ ದಿನ ಅದೇ ಗಂಟೆಗೆ ಬೆಳಗಿನ ಮೂತ್ರವನ್ನು ಹಾಕಿದರೆ ಲೆಕ್ಕವು ಮುಗಿಯಿತು.

3. ಒಂದು ಸಲ ಮರೆತು ಹೊರಗೆ ಹೋದರೂ ಲೆಕ್ಕವು ಕೆಡುವುದು. ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಮೊದಲಿನಿಂದ ಆರಂಭಿಸಬೇಕು. ಕ್ರಿಯಾಟಿನಿನ್ ಎಂಬ ವಸ್ತುವನ್ನೂ ಅಳೆದು, ಕೂಡಿಸಿದುದು ಪೂರ್ತಿಯೇ ಎಂಬುದನ್ನು ವೈದ್ಯರು ನೋಡಿಕೊಳ್ಳುವರು.

4. ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಕು, ಅದಿಲ್ಲದವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಬಹುದು. ನಮ್ಮ ಸೀಮೆಯ ಬೇಸಿಗೆಯಲ್ಲಿ ಇದು ಅತ್ಯವಶ್ಯಕ.

5. ನೀರನ್ನು ವಾಡಿಕೆಯಷ್ಟೇ ಕುಡಿಯಬೇಕು. ಪರೀಕ್ಷೆಗೆಂದು ತಂಬಿಗೆಗಟ್ಟಲೆ ಕುಡಿದರೆ ಸಂಖ್ಯೆಯು ಸುಳ್ಳಾಗಿ ಏರುವುದು.

6. ಸ್ತ್ರೀಯರು ಮುಟ್ಟಿನ ದಿನಗಳನ್ನು ಬಿಟ್ಟು ಮಾಡಿಸಬೇಕು. ಗರ್ಭಿಣಿಯಾಗಿದ್ದರೆ ಮುಂಚೆಯೇ ತಿಳಿಸಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಈ ಪರೀಕ್ಷೆಯು ನಂಬಿಕೆಗೆ ತಕ್ಕುದಲ್ಲ, ಅವರೂ ತಿಳಿಸಬೇಕು.

7. ಮಾತ್ರೆ, ಪುಡಿ, ಕಷಾಯ, ಮುಲಾಮು, ಉಬ್ಬಸಕ್ಕೆ ಸೇದುವ ಮದ್ದು, ಕೀಲಿಗೆ ಚುಚ್ಚಿಸಿಕೊಂಡ ಮದ್ದು, ಇವೆಲ್ಲವನ್ನೂ ಬರೆದುಕೊಡಬೇಕು. ಏಳೂ ನಿಯಮಗಳಲ್ಲಿ ಇದೇ ಮುಖ್ಯವಾದುದು.

ಪತ್ರ ಬರೆದ ಮಹಾಶಯರಿಗೆ

ತಮ್ಮ ವಿಷಯದಲ್ಲಿ ಈ ಪರೀಕ್ಷೆಗೆ ಹಣವನ್ನು ವ್ಯಯಮಾಡಬೇಕಾಗಿಲ್ಲ. ಆಯಾಸಕ್ಕೆ ರಕ್ತಹೀನತೆ, ಸಕ್ಕರೆ, ಥೈರಾಯ್ಡ್ ಗ್ರಂಥಿಯ ಕೊರತೆ ಇವುಗಳೇ ಹೆಚ್ಚು ಸಾಮಾನ್ಯವಾದ ಕಾರಣಗಳಾದುದರಿಂದ, ತಾಲ್ಲೂಕು ಆಸ್ಪತ್ರೆಯಲ್ಲಿ ಅವುಗಳನ್ನು ಮೊದಲು ನೋಡಿಸಿಕೊಳ್ಳಬೇಕು. ನಿದ್ರೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ ಇಷ್ಟು ಕಾಲವಾಗಿರುವುದನ್ನು ನೋಡಿದರೆ ಇದು ಖಿನ್ನತೆಯಾಗಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿರುವುದು, ಅದನ್ನು ಪಡೆಯುವುದರಲ್ಲಿ ಲಜ್ಜೆಯೇನೂ ಇಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಯುಂಟು. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಸಾಲದ ಲೆಕ್ಕವನ್ನು ಮನೆಯವರಿಂದ ಬಚ್ಚಿಡಬೇಡಿರಿ; ಮಗನನ್ನೂ ಕೂರಿಸಿಕೊಂಡು ಬರೆದು ನೋಡಿರಿ. ಒಬ್ಬರೇ ಹೊತ್ತ ಭಾರಕ್ಕಿಂತ ಮೂವರು ಹಿಡಿದ ಭಾರವು ಹಗುರ.

ತಮ್ಮ ಮನೆಯವರ ಮಂಡಿನೋವಿನ ಮೂಲವನ್ನೂ ವಿಚಾರಿಸಬೇಕು. ನಮ್ಮ ಜಿಲ್ಲೆಯ ಅನೇಕ ಕಡೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವುದು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಕೀಲುಗಳೂ ಬೆನ್ನೂ ಬಿಗಿಯುವುವು. ನೀರನ್ನು ಪರೀಕ್ಷೆಮಾಡಿಸಿರಿ. ಬೇರೆ ನೀರನ್ನು ಕುಡಿಯುವುದರಿಂದ ತಗ್ಗುವ ನೋವಾಗಿದ್ದರೆ, ಅದಕ್ಕೆ ಸ್ಟಿರಾಯ್ಡನ್ನು ನುಂಗಿದುದು ಎಂತಹ ವ್ಯರ್ಥ!

ಇದನ್ನು ಬರೆದು ಮುಗಿಸುವ ವೇಳೆಗೆ ಆ ಮಹಾಶಯರಿಂದ ಎರಡನೆಯ ಪತ್ರವು ಬಂದು ತಲುಪಿತು. ಮಾತ್ರೆಯನ್ನು ನಿಲ್ಲಿಸಲಿಲ್ಲವೆಂದೂ, ಪೊಟ್ಟಣದೊಡನೆ ಚಿತ್ರದುರ್ಗದ ವೈದ್ಯರಲ್ಲಿಗೆ ಹೋಗಿಬಂದೆವೆಂದೂ, ಅದು ಸ್ಟಿರಾಯ್ಡೇ ಎಂದು ಅವರು ಹೇಳಿ ಇಳಿಸುವ ಕ್ರಮವನ್ನು ಬರೆದುಕೊಟ್ಟಿರುವರೆಂದೂ ತಿಳಿಸಿರುವರು. “ನನ್ನ ಚಿಂತೆಯ ಗಡಿಬಿಡಿಯಲ್ಲಿ ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ” ಎಂದು ಬರೆದಿರುವರು. ಇದನ್ನು ಓದುವ ಗೃಹಸ್ಥರು ಈ ಹೊತ್ತೇ ಮನೆಯ ಗೂಡಿನಲ್ಲಿಯೂ ಡಬ್ಬಿಗಳಲ್ಲಿಯೂ ಹೆಸರಿಲ್ಲದ ಮಾತ್ರೆಗಳೇನಾದರೂ ಇವೆಯೇ ಎಂದು ಹುಡುಕಿ, ಅವನ್ನು ಯಾರು ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿರುವರೆಂದು ಕೇಳಿ ತಿಳಿಯುವರೆಂದು ನಂಬಿರುವೆವು.